ಆವೇಶ ನಿಲ್ಲದ ಬಾಟಲಿ

ಜುಲೈ 6

ಎಂಟನೆಯ ತರಗತಿಯಲ್ಲಿರುವ ಮಗಳಿಗೆ ಶಾಲೆಯಲ್ಲಿ ವಿದ್ಯುದ್ದರ್ಶಕ, ಅಂದರೆ ವಸ್ತುವಿನಲ್ಲಿ ವಿದ್ಯುತ್ತಿನ ಆವೇಶ (ಚಾರ್ಜ್) ಇದೆಯೇ ಎಂದು ತೋರಿಸುವ ಉಪಕರಣ, ಮಾಡಿ ತರಲು ಹೇಳಿದ್ದರು. ಬೇಕಾದ ಸಾಮಾನು ಹೆಚ್ಚಿಲ್ಲ. ಖಾಲಿ ಜಾಮ್ ಬಾಟಲಿ ಒಂದು, ಬಾಯಿ ಮುಚ್ಚಲು ರಟ್ಟಿನ ತುಂಡು, ರಟ್ಟಿನ ನಡುವೆ ತೂರಿಸಲು ಪೇಪರ್ ಕ್ಲಿಪ್, ಕ್ಲಿಪ್ಪಿನ ಕೆಳತುದಿಗೆ ನೇತುಬಿಡಲು ಚಪಾತಿ ಸುತ್ತುವ ಅಲ್ಯೂಮಿನಿಯಂ ಹಾಳೆಯ ಎರಡು ಪಟ್ಟಿ. ಉಜ್ಜಿದ ಕೋಲನ್ನು ಕ್ಲಿಪ್ಪಿಗೆ ಮುಟ್ಟಿಸಿದರೆ ಎರಡೂ ಪಟ್ಟಿಗಳಿಗೆ ಒಂದೇ ಬಗೆಯ ಆವೇಶ ಸೇರಿ, ಒಂದನ್ನೊಂದು ದೂಡಿಕೊಂಡು ದೂರ ನಿಲ್ಲಬೇಕು. ‘ಅರ್ಧ ಗಂಟೆಯ ಕೆಲಸ’ ಎಂದು ಮಗಳಿಗೆ ಮಾತು ಕೊಟ್ಟೆ. ಈ ಟಿಪ್ಪಣಿಯ ಕೊನೆಯ ದಿನಾಂಕ ಫೆಬ್ರವರಿಯದು.

ನಾವಿರುವುದು ಮಲೆನಾಡಿನ ಸಾಗರ ಪಟ್ಟಣದಲ್ಲಿ. ಜುಲೈ ತಿಂಗಳಲ್ಲಿ ಇಲ್ಲಿ ಉಪ್ಪಿನ ಡಬ್ಬಿಯಲ್ಲಿ ನೀರು ಒಸರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಕರಿದ ಹಪ್ಪಳ ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಗೋಡೆಗೆ ತೂಗುಹಾಕಿದ ಪುಟ್ಟ ಮಾಪಕ ಅಂದು ಗಾಳಿಯ ತೇವಾಂಶ ಶೇ 91 ಎಂದು ತೋರಿಸುತ್ತಿತ್ತು. ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಉಜ್ಜಲು ನಲ್ಲಿ ಕೆಲಸದಲ್ಲಿ ಮಿಕ್ಕಿದ್ದ ಮುಕ್ಕಾಲು ಇಂಚಿನ ಪಿವಿಸಿ ಪೈಪು. ಉಜ್ಜುವ ಬಟ್ಟೆಯಾಗಿ ಹೆಂಡತಿಯ ತವರು ಚಳ್ಳಕೆರೆಯಿಂದ ಬಂದ ಕರಿ ಕಂಬಳಿಯ ಅಂಚು. ಇಪ್ಪತ್ತು ಬಾರಿ ಉಜ್ಜಿ ಪೈಪನ್ನು ಹತ್ತಿರ ತಂದಾಗ ಪಟ್ಟಿಗಳು ಒಮ್ಮೆ ನಡುಗಿದವು, ಅಗಲವಾಗುವಂತೆ ಕಂಡವು, ಮರುಕ್ಷಣ ಜೋತುಬಿದ್ದವು. ಹತ್ತು ಸಲ ಮಾಡಿದರೂ ಅಷ್ಟೆ.

‘ಅಪ್ಪ, ಆವೇಶ ಬಂತು, ಇಳಿಯಿತು’ ಎಂದಳು ಮಗಳು. ಭೌತಶಾಸ್ತ್ರದ ಈ ಪದವನ್ನು ಕನ್ನಡಕ್ಕೆ ಆರಿಸಿಕೊಂಡವರು ಯಾರೋ, ಮೈಮೇಲೆ ಬರುವುದನ್ನು ಕಂಡವರೇ ಇರಬೇಕು. ಬರುವುದು, ಇಳಿಯುವುದು, ಇನ್ನೊಬ್ಬರನ್ನು ಮುಟ್ಟಿದರೆ ಅವರಿಗೂ ದಾಟುವುದು, ಎಲ್ಲವೂ ಅದರಲ್ಲಿದೆ.

ಜುಲೈ 8

ಮೊದಲ ಗುಮಾನಿ ಪೈಪಿನ ಮೇಲೆ. ಮಳೆಗಾಲದಲ್ಲಿ ಆವೇಶ ಹುಟ್ಟುವುದೇ ಇಲ್ಲವೇನೋ ಎಂದುಕೊಂಡು ಪೈಪನ್ನು ಉಜ್ಜಿ ಕಾಗದದ ಚೂರುಗಳ ಮೇಲೆ ಹಿಡಿದೆ. ಮೂರು ನಾಲ್ಕು ಸೆಂಟಿಮೀಟರ್ ಕೆಳಗಿದ್ದ ಚೂರುಗಳು ಜಿಗಿದು ಬಂದು ಅಂಟಿದವು. ಕೆಲವು ಅಂಟಿದ ಕೂಡಲೇ ಯಾರೋ ಒದ್ದಂತೆ ಚಿಮ್ಮಿ ಹೋದವು. ಪೈಪಿನದು ತಪ್ಪಿಲ್ಲ.

ಈ ಚಿಮ್ಮಾಟವನ್ನು ಸುಮ್ಮನೆ ನೋಡಿ ಬಿಡುವಂತಿಲ್ಲ. ಕಾಗದಕ್ಕೆ ತನ್ನದೇ ಆವೇಶ ಇರಲಿಲ್ಲ. ಆದರೂ ಅದು ಪೈಪಿನ ಕಡೆಗೆ ಹಾರಿತು. ಋಣ ಆವೇಶದ ಪೈಪು ಹತ್ತಿರ ಬಂದಾಗ ಕಾಗದದೊಳಗಿನ ಋಣ ಭಾಗ ಆಚೆಗೆ ಸರಿಯುತ್ತದೆ, ಧನ ಭಾಗ ಈಚೆಗೆ ಉಳಿಯುತ್ತದೆ. ಹತ್ತಿರದ ಸೆಳೆತ ದೂರದ ದೂಡಿಕೆಗಿಂತ ಬಲವಾದ್ದರಿಂದ ಒಟ್ಟಿನಲ್ಲಿ ಸೆಳೆತವೇ ಗೆಲ್ಲುತ್ತದೆ. ಇದಕ್ಕೆ ಪ್ರೇರಣೆ ಎಂದು ಹೆಸರು. ಮುಟ್ಟಿದ ಮೇಲೆ ಪೈಪಿನ ಆವೇಶದಲ್ಲಿ ಒಂದು ಪಾಲು ಕಾಗದಕ್ಕೆ ದಾಟುತ್ತದೆ. ಆಗ ಎರಡೂ ಒಂದೇ ಬಗೆ, ಆದ್ದರಿಂದ ದೂಡಿಕೆ. ಹಾಗಾಗಿ ಒಂದು ವಸ್ತು ಸೆಳೆಯಿತು ಎಂದ ಮಾತ್ರಕ್ಕೆ ಇನ್ನೊಂದರಲ್ಲಿ ಆವೇಶವಿದೆ ಎನ್ನಲಾಗದು. ದೂಡಿದರೆ ಮಾತ್ರ ಖಾತ್ರಿ.

ಪೈಪಿಗೆ ಆವೇಶ ಬಂದದ್ದು ಉಜ್ಜಿದ ಬಿಸಿಯಿಂದಲ್ಲ. ಎರಡು ಬೇರೆ ಬೇರೆ ವಸ್ತುಗಳು ಒಂದಕ್ಕೊಂದು ತಾಗಿ ಬೇರಾಗುವಾಗ ಕೆಲವು ಎಲೆಕ್ಟ್ರಾನ್‌ಗಳು ಒಂದರಲ್ಲೇ ಉಳಿದುಬಿಡುತ್ತವೆ. ಉಜ್ಜುವುದರಿಂದ ಆಗುವುದು ಇಷ್ಟೆ: ತಾಗುವ ಜಾಗ ಹೆಚ್ಚುತ್ತದೆ. ಕಂಬಳಿ ಕಳೆದುಕೊಳ್ಳುತ್ತದೆ, ಪಿವಿಸಿ ಗಳಿಸುತ್ತದೆ. ಪ್ಲಾಸ್ಟಿಕ್‌ನಂಥ ವಸ್ತುಗಳಲ್ಲಿ ದಾಟುವುದು ಎಲೆಕ್ಟ್ರಾನ್‌ಗಳು ಮಾತ್ರವೇ, ಅಯಾನುಗಳೂ ವಸ್ತುವಿನ ಅತಿ ಸಣ್ಣ ಕಣಗಳೂ ಸೇರಿವೆಯೇ ಎಂಬ ಚರ್ಚೆ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ. ಆವೇಶದಲ್ಲಿ ಎರಡು ಬಗೆಯಿದೆ ಎಂದು 1733ರಲ್ಲಿ ಫ್ರಾನ್ಸಿನ ದ್ಯು ಫೇ ಕಂಡುಕೊಂಡ. ಅವುಗಳನ್ನು ಧನ, ಋಣ ಎಂದು ಕರೆದವನು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್. ಯಾವುದನ್ನು ಧನ ಎನ್ನಬೇಕೆಂದು ಅವನು ಎಸೆದ ನಾಣ್ಯ ತಿರುವುಮುರುವಾಗಿ ಬಿತ್ತು. 1897ರಲ್ಲಿ ಎಲೆಕ್ಟ್ರಾನ್ ಸಿಕ್ಕಾಗ ಅದರ ಹಣೆಗೆ ಋಣ ಚಿಹ್ನೆಯೇ ಬರೆದಿತ್ತು.

ಜುಲೈ 9

ಎರಡನೆಯ ಗುಮಾನಿ ಗಾಳಿಯ ಮೇಲೆ. ತೇವದ ಗಾಳಿ ವಿದ್ಯುತ್ತನ್ನು ಹರಿಯಬಿಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಉಜ್ಜಿದ ಪೈಪನ್ನು ನೈಲಾನ್ ದಾರದಲ್ಲಿ ಜಂತಿಗೆ ಕಟ್ಟಿ, ಏನನ್ನೂ ತಾಗದಂತೆ ತೂಗಲು ಬಿಟ್ಟೆ. ಎರಡು ನಿಮಿಷದ ನಂತರ ಕಾಗದದ ಚೂರನ್ನು ಹಿಡಿದೆ. ಸೆಳೆತ ತಗ್ಗಿತ್ತು, ಆದರೆ ಹೋಗಿರಲಿಲ್ಲ. ಆ ಎರಡೂ ನಿಮಿಷ ಪೈಪಿನ ಸುತ್ತ ಇದ್ದದ್ದು ಅದೇ ಶೇ 91ರ ಗಾಳಿ. ಬಾಟಲಿಯಲ್ಲಿ ಒಂದು ಕ್ಷಣವೂ ನಿಲ್ಲದ ಆವೇಶ ಇಲ್ಲಿ ಎರಡು ನಿಮಿಷ ನಿಂತಿದೆ. ಹಾಗಾದರೆ ಕಳ್ಳ ಗಾಳಿಯಲ್ಲ.

ನೀರಾವಿ ತಾನಾಗಿ ಹೇಳಿಕೊಳ್ಳುವಂಥ ವಾಹಕವಲ್ಲ. ತೊಂದರೆ ಕೊಡುವುದು ಅದು ವಸ್ತುಗಳ ಮೈಮೇಲೆ ಹಾಸುವ, ಕಣ್ಣಿಗೆ ಕಾಣದ ನೀರಿನ ಪೊರೆ. ಆ ಪೊರೆಯಲ್ಲಿ ಬೆರಳಿನ ಬೆವರು, ಧೂಳು, ಉಪ್ಪು ಕರಗಿದರೆ ಆವೇಶ ಹರಿಯಲು ದಾರಿಯಾಗುತ್ತದೆ. ಪಿವಿಸಿ ನೀರನ್ನು ಅಷ್ಟಾಗಿ ಹತ್ತಿರ ಸೇರಿಸುವುದಿಲ್ಲ. ರಟ್ಟು ಹೀರಿಕೊಳ್ಳುತ್ತದೆ. ನನ್ನ ಮುಚ್ಚಳ ರಟ್ಟಿನದು.

ಮಲ್ಟಿಮೀಟರ್ ತಂದು ರಟ್ಟಿಗೆ ಎರಡು ಸೂಜಿ ಚುಚ್ಚಿ ಅಳೆದರೆ ಮೀಟರ್ ಏನನ್ನೂ ತೋರಿಸಲಿಲ್ಲ. ಅದರ ಪ್ರಕಾರ ರಟ್ಟು ಅಪ್ಪಟ ಅವಾಹಕ. ಇಲ್ಲಿ ಸ್ವಲ್ಪ ಲೆಕ್ಕ ಹಾಕಬೇಕಾಯಿತು. ನನ್ನ ಮೀಟರ್ ಅಳೆಯಬಲ್ಲ ಗರಿಷ್ಠ ರೋಧ 2 ಕೋಟಿ ಓಮ್. ಕ್ಲಿಪ್ಪು, ಪಟ್ಟಿ ಎಲ್ಲ ಸೇರಿದರೂ ಅವು ಆವೇಶ ಹಿಡಿಯುವ ಸಾಮರ್ಥ್ಯ ಸುಮಾರು 5 ಪಿಕೊಫ್ಯಾರಡ್, ಅಂದರೆ ಎಲ್ಲಿಗೂ ಸಾಲದಷ್ಟು. ಇಷ್ಟು ಸಣ್ಣ ಪಾತ್ರೆಯಿಂದ ಆವೇಶ ಸೋರಿಹೋಗಲು ಒಂದು ನಿಮಿಷವಾದರೂ ಹಿಡಿಯಬೇಕು ಎಂದಾದರೆ ಮುಚ್ಚಳದ ರೋಧ ಸುಮಾರು 12 ಲಕ್ಷ ಕೋಟಿ ಓಮ್ ಇರಬೇಕು. ಸರ್ಕಾರದ ಬಜೆಟ್ಟಿನಲ್ಲಿ ಕೇಳುವಂಥ ಅಂಕಿ. ಮೀಟರಿನ ಮಿತಿಗೂ ಇದಕ್ಕೂ ಆರು ಲಕ್ಷ ಪಟ್ಟು ಅಂತರ. ಮನೆಯ ವೈರಿಂಗ್ ಕೆಲಸದಲ್ಲಿ ಅವಾಹಕ ಎನಿಸಿಕೊಂಡ ಮರ, ರಟ್ಟು, ಹತ್ತಿ ದಾರ ಎಲ್ಲವೂ ಈ ಲೋಕಕ್ಕೆ ಬಂದರೆ ತಾಮ್ರದ ತಂತಿಯ ದಾಯಾದಿಗಳು.

ಈ ಪಾಠವನ್ನು ಮೊದಲು ಕಲಿತವನೂ ಜುಲೈಯಲ್ಲೇ ಕಲಿತ. 1729ರಲ್ಲಿ ಇಂಗ್ಲೆಂಡಿನ ಸ್ಟೀಫನ್ ಗ್ರೇ ನೂರಾರು ಅಡಿ ಉದ್ದದ ಸೆಣಬಿನ ದಾರದ ಮೂಲಕ ಆವೇಶ ಸಾಗಿಸುತ್ತಿದ್ದ. ದಾರವನ್ನು ಎತ್ತಿ ಹಿಡಿದಿದ್ದವು ತೆಳ್ಳನೆಯ ರೇಷ್ಮೆ ಎಳೆಗಳು. ರೇಷ್ಮೆ ಭಾರ ತಾಳದೆ ಹರಿಯಿತು. ಎಳೆ ತೆಳುವಾಗಿದ್ದದ್ದರಿಂದಲೇ ಆವೇಶ ಸೋರುತ್ತಿರಲಿಲ್ಲ ಎಂದುಕೊಂಡು ಅಷ್ಟೇ ತೆಳುವಾದ ಹಿತ್ತಾಳೆ ತಂತಿ ಕಟ್ಟಿದರು. ಆವೇಶ ಪೂರ್ತಿ ಮಾಯ. ತೆಳುವೋ ದಪ್ಪವೋ ಎಂಬುದಲ್ಲ, ಯಾವ ವಸ್ತು ಎಂಬುದೇ ಮುಖ್ಯ ಎಂದು ತಿಳಿದದ್ದು ಹಾಗೆ. ವಾಹಕ, ಅವಾಹಕ ಎಂಬ ಭೇದ ಹುಟ್ಟಿದ್ದು ಒಂದು ದಾರ ಹರಿದದ್ದರಿಂದ.

ಜುಲೈ 13

ಎರಡನೆಯ ಬಾಟಲಿ. ರಟ್ಟಿಗೆ ವಿದಾಯ. ಪ್ಲಾಸ್ಟಿಕ್ ಮುಚ್ಚಳದ ನಡುವೆ ಎರಡು ಸೆಂಟಿಮೀಟರ್ ಅಗಲದ ತೂತು ಕೊರೆದೆ. ಪೇಪರ್ ಕ್ಲಿಪ್ಪಿನ ಬದಲು ಮನೆ ವೈರಿಂಗಿನ ತಾಮ್ರದ ತಂತಿ, ಅದರ ನಡುಭಾಗಕ್ಕೆ ನಲ್ಲಿ ಕೆಲಸದವರು ಸುತ್ತುವ ಬಿಳಿ ಟೆಫ್ಲಾನ್ ಟೇಪು ದಪ್ಪನಾಗಿ ಸುತ್ತಿದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಸಿಗೆ ಸಿಗುವ ಈ ಟೇಪು ಜಗತ್ತಿನ ಅತಿ ಒಳ್ಳೆಯ ಅವಾಹಕಗಳಲ್ಲಿ ಒಂದು. ತಂತಿಯನ್ನು ತೂತಿನ ನಡುವೆ ನಿಲ್ಲಿಸಿ ಸುತ್ತ ಮೇಣದ ಬತ್ತಿ ಕರಗಿಸಿ ಹೊಯ್ದೆ. ಮೇಣಕ್ಕೂ ನೀರಿಗೂ ಆಗಿಬರುವುದಿಲ್ಲ. ಗಾಜು ನೋಡಲು ಶುದ್ಧ, ಆದರೆ ತೇವವನ್ನು ಮೈಮೇಲೆ ಎಳೆದುಕೊಳ್ಳುತ್ತದೆ. ಬಾಟಲಿಯ ಗೋಡೆ ಗಾಜಾಗಿದ್ದರೆ ಅಡ್ಡಿಯಿಲ್ಲ, ತಂತಿ ಹಿಡಿಯುವ ಜಾಗದಲ್ಲಿ ಗಾಜು ಬೇಡ.

ತಂತಿಯ ಮೇಲ್ತುದಿಗೆ ಅಲ್ಯೂಮಿನಿಯಂ ಹಾಳೆಯನ್ನು ಉಂಡೆ ಕಟ್ಟಿ, ಚಮಚದ ಬೆನ್ನಿನಿಂದ ಉಜ್ಜಿ ನುಣುಪು ಮಾಡಿ ಸಿಕ್ಕಿಸಿದೆ. ಚೂಪು ತುದಿಯಲ್ಲಿ ಆವೇಶ ಒತ್ತೊತ್ತಾಗಿ ಸೇರಿ ಗಾಳಿಗೇ ಸೋರುತ್ತದೆ. ಮಿಂಚುವಾಹಕದ ತುದಿಯಲ್ಲಿ ಕೆಲಸಕ್ಕೆ ಬರುವ ಗುಣ ಇಲ್ಲಿ ಶತ್ರು.

ಪಟ್ಟಿಗಳಿಗೆ ಅಲ್ಯೂಮಿನಿಯಂ ಹಾಳೆ ಭಾರ ಎನ್ನಿಸಿ ಬೀಡಾ ಅಂಗಡಿಯಿಂದ ಬೆಳ್ಳಿ ವರಖ್ ತಂದೆ. 1780ರ ದಶಕದಲ್ಲಿ ಇಂಗ್ಲೆಂಡಿನ ಪಾದ್ರಿ ಅಬ್ರಹಾಂ ಬೆನೆಟ್ ಇದೇ ಕೆಲಸಕ್ಕೆ ಚಿನ್ನದ ವರಖ್ ಬಳಸಿದ್ದ. ನಮ್ಮ ಕೈಗೆಟುಕುವುದು ಬೀಡಾದ ಮೇಲಿನ ಬೆಳ್ಳಿ. ಅದನ್ನು ಕತ್ತರಿಸುವ ಕಷ್ಟ ಮಾಡಿದವರಿಗೇ ಗೊತ್ತು. ಬೆರಳು ತಾಗಿದರೆ ಬೆರಳಿಗೇ ಮೆತ್ತಿಕೊಳ್ಳುತ್ತದೆ, ಉಸಿರು ಬಿಟ್ಟರೆ ಮಡಚಿಕೊಳ್ಳುತ್ತದೆ. ಮೂರು ಹಾಳೆ ಹಾಳಾದ ಮೇಲೆ ಹೊಳೆದ ಉಪಾಯ: ವರಖ್ಖಿನ ಜೊತೆ ಬರುವ ಎರಡು ಕಾಗದಗಳ ನಡುವೆಯೇ ಅದನ್ನು ಬಿಟ್ಟು, ಮೂರನ್ನೂ ಒಟ್ಟಿಗೆ ಕತ್ತರಿಸುವುದು. ಹಾಗೆ ಕತ್ತರಿಸಿದ ಪಟ್ಟಿಯನ್ನು ತಂತಿಯ ಚಪ್ಪಟೆ ತುದಿಗೆ ಸೂಜಿಮೊನೆಯಷ್ಟು ಗೋಂದಿನಿಂದ ಅಂಟಿಸಿದೆವು. ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಇಬ್ಬರೂ ಉಸಿರು ಬಿಗಿಹಿಡಿದು. ಅದೇ ಹೊತ್ತಿಗೆ ಅಡುಗೆಮನೆಯಿಂದ ಯಾರೋ ಬಾಗಿಲು ತಳ್ಳಿದರು. ನಾಲ್ಕನೆಯ ಹಾಳೆ.

ಸಂಜೆ ಪರೀಕ್ಷೆ. ಪೈಪು ಮುಟ್ಟಿಸಿದ್ದೇ ತಡ, ವರಖ್ ಹಕ್ಕಿಯ ರೆಕ್ಕೆಯಂತೆ ಬಿಚ್ಚಿತು, ಬಿಚ್ಚಿ ಹೋಗಿ ಗಾಜಿಗೆ ಅಂಟಿ ಕುಳಿತಿತು. ಮಗಳು ಚಪ್ಪಾಳೆ ತಟ್ಟಿದಳು, ನಾನು ತಲೆ ಚಚ್ಚಿಕೊಂಡೆ. ಗಾಜಿಗೂ ಎಲ್ಲಿಂದಲೋ ಆವೇಶ ಬಂದಿತ್ತು, ಒರೆಸಿದ ಬಟ್ಟೆಯಿಂದಲೇ ಇರಬೇಕು.

ಜುಲೈ 20

ಗಾಜಿನ ರೋಗಕ್ಕೆ ಮದ್ದು: ಬಾಟಲಿಯ ಒಳಗೋಡೆಗೆ, ವರಖ್ಖಿನ ಎಡಕ್ಕೂ ಬಲಕ್ಕೂ, ಒಂದೊಂದು ಅಲ್ಯೂಮಿನಿಯಂ ಪಟ್ಟಿ ಅಂಟಿಸಿ, ಎರಡನ್ನೂ ತಂತಿಯಿಂದ ಹೊರಗೆ ತಂದು ಭೂಮಿಗೆ ಸೇರಿಸಿದೆ. ನಲ್ಲಿಯ ಕಬ್ಬಿಣದ ಪೈಪೇ ನಮ್ಮ ಭೂಮಿ. ಕರೆಂಟಿನ ಪ್ಲಗ್ಗಿನ ಮೂರನೆಯ ತೂತಿಗೆ ತಂತಿ ತೂರಿಸುವ ಸಾಹಸವನ್ನು ಮಾತ್ರ ಯಾರೂ ಮಾಡಬೇಡಿ. ಈಗ ಗಾಜಿನ ಮೇಲೆ ದಾರಿತಪ್ಪಿದ ಆವೇಶ ಕೂರುವುದಿಲ್ಲ. ವರಖ್ಖಿಗೆ ಆವೇಶ ಬಂದಾಗ ಎದುರಿನ ಪಟ್ಟಿಯಲ್ಲಿ ವಿರುದ್ಧ ಆವೇಶ ಪ್ರೇರಿತವಾಗಿ ಹೊರಕ್ಕೆ ಸೆಳೆಯುವುದರಿಂದ ಉಪಕರಣ ಮತ್ತಷ್ಟು ಚುರುಕೂ ಆಯಿತು.

ಮಗಳ ಸ್ಟಾಪ್‌ವಾಚಿನ ಲೆಕ್ಕ: ರೆಕ್ಕೆಗಳು ಅರ್ಧಕ್ಕೆ ಇಳಿಯಲು 25 ಸೆಕೆಂಡ್. ಮೇಣದ ಮೇಲೆ ನನ್ನ ಬೆರಳ ಗುರುತಿತ್ತು. ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದ ಮೇಲೆ 50 ಸೆಕೆಂಡ್. ಇನ್ನೂ ಒಣಗಿಸೋಣ ಎಂದು ಕೂದಲು ಒಣಗಿಸುವ ಡ್ರೈಯರ್ ಹಿಡಿದೆ. ಗಾಜು ಒಣಗಿತು, ಮೇಣ ಕರಗಿತು, ತಂತಿ ವಾಲಿತು, ವರಖ್ ಮತ್ತೆ ಬಲಿ. ಐದನೆಯ ಹಾಳೆ. ಬೀಡಾ ಅಂಗಡಿಯವರು ಮನೆಯಲ್ಲಿ ಏನು ಸಮಾರಂಭ ಎಂದು ಕೇಳಿದರು.

ಮತ್ತೆ ಕಟ್ಟಿದೆ. ಈ ಬಾರಿ ಶೂ ಡಬ್ಬಿಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳ ಹರಳುಗಳನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ, ಬಟ್ಟೆಯ ಗಂಟು ಕಟ್ಟಿ ಬಾಟಲಿಯ ತಳಕ್ಕೆ ಹಾಕಿದೆ. ಮುಚ್ಚಳದ ಅಂಚಿಗೆ ಮೇಣ ಸವರಿದೆ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ನೋಡಿದರೆ ಅರ್ಧಕ್ಕೆ ಇಳಿಯಲು 6 ನಿಮಿಷ 10 ಸೆಕೆಂಡ್. ಹೊರಗೆ ಧೋ ಎಂದು ಮಳೆ.

ರೆಕ್ಕೆಗಳು ಚೆನ್ನಾಗಿ ಬಿಚ್ಚಿ ನಿಂತಾಗ ತಂತಿಯ ವಿದ್ಯುದ್ವಿಭವ ಸುಮಾರು 1,000 ವೋಲ್ಟ್ ಎಂದಿಟ್ಟುಕೊಂಡರೆ ಅದರ ಮೇಲೆ ಕುಳಿತ ಹೆಚ್ಚುವರಿ ಎಲೆಕ್ಟ್ರಾನ್‌ಗಳು ಮೂರು ಸಾವಿರ ಕೋಟಿ. ಕೇಳಲು ದೊಡ್ಡದು. ಆವೇಶವನ್ನು ಅಳೆಯುವ ಮಾನವಾದ ಒಂದು ಕೂಲಂಬ್ ಆಗಲು ಬೇಕಾದದ್ದರ ಇಪ್ಪತ್ತು ಕೋಟಿಯಲ್ಲಿ ಒಂದು ಪಾಲು ಅದು. ಒಂದೊಂದು ಕೂಲಂಬ್ ಹೊತ್ತ ಎರಡು ಉಂಡೆಗಳನ್ನು ಒಂದು ಮೀಟರ್ ಅಂತರದಲ್ಲಿ ಇಡಲು ಸಾಧ್ಯವಾಗುವುದಾದರೆ ಅವು ಒಂಬತ್ತು ಲಕ್ಷ ಟನ್ ಭಾರದಷ್ಟು ಬಲದಿಂದ ದೂಡಿಕೊಳ್ಳುತ್ತವೆ. ‘ಮೊಬೈಲ್ ಬ್ಯಾಟರಿಯಲ್ಲಿ ಸಾವಿರಾರು ಕೂಲಂಬ್ ಇರುತ್ತದಲ್ಲ, ಅದು ಯಾಕೆ ಸಿಡಿಯುವುದಿಲ್ಲ?’ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ಬ್ಯಾಟರಿಯಲ್ಲಿ ಹೆಚ್ಚುವರಿ ಆವೇಶ ಇರುವುದಿಲ್ಲ. ಒಂದು ತುದಿಯಿಂದ ಎಷ್ಟು ಹೊರಟಿತೋ ಅಷ್ಟೇ ಇನ್ನೊಂದು ತುದಿಗೆ ಮರಳುತ್ತದೆ. ಅದು ನೀರೆತ್ತುವ ಪಂಪು, ಕೂಡಿಡುವ ಕೊಳಗವಲ್ಲ.

ಶಾಲೆಗೆ ಹೋದದ್ದು ಈ ಮೂರನೆಯ ಬಾಟಲಿ, ಎರಡು ವಾರ ತಡವಾಗಿ. ಅಂಕ ಪೂರ್ತಿ ಬಂತು. ಕೆಲಸ ಅಲ್ಲಿಗೆ ನಿಲ್ಲಬಹುದಿತ್ತು.

ಆಗಸ್ಟ್ 17

ಬಾಟಲಿ ಆವೇಶ ಇದೆ ಎನ್ನುತ್ತದೆ, ಯಾವ ಬಗೆಯದು ಎನ್ನುವುದಿಲ್ಲ. ಅದಕ್ಕೊಂದು ಪುಟ್ಟ ಸರ್ಕ್ಯೂಟ್. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಬಿಡಿಭಾಗ ಸಿಗುವ ಎಸ್‌.ಪಿ. ರಸ್ತೆಗೆ ಹೋಗುವವರೊಬ್ಬರ ಕೈಲಿ ಬಿಎಫ್‌ಡಬ್ಲ್ಯು 10 ಎಂಬ ಜೆಫೆಟ್ ತರಿಸಿದೆ. ಇದು ಡ್ರೇನ್, ಸೋರ್ಸ್ ಎಂಬ ಕಾಲುಗಳ ನಡುವಿನ ಹರಿವನ್ನು ಗೇಟ್ ಎಂಬ ಕಾಲು ನಿಯಂತ್ರಿಸುವ ಒಂದು ಬಗೆಯ ಟ್ರಾನ್ಸಿಸ್ಟರ್. ಡಿಪ್ಲೊಮಾ ಓದುವಾಗ ಪ್ರಯೋಗಾಲಯದಲ್ಲಿ ಇದರ ಗ್ರಾಫ್ ಎಳೆದೂ ಎಳೆದೂ ಬೇಸತ್ತಿದ್ದೆ, ಒಂದು ದಿನವೂ ಇದರಿಂದ ಏನು ಮಾಡಬಹುದು ಎಂದು ಯಾರೂ ಹೇಳಿರಲಿಲ್ಲ. ಒಂಬತ್ತು ವೋಲ್ಟ್ ಬ್ಯಾಟರಿಯ ಧನ ತುದಿಯಿಂದ 470 ಓಮ್ ರೆಸಿಸ್ಟರ್, ಅಲ್ಲಿಂದ ಎಲ್‌ಇಡಿ, ಅಲ್ಲಿಂದ ಡ್ರೇನ್. ಸೋರ್ಸ್ ಮತ್ತು ಲೋಹದ ಕವಚದ ಕಾಲು ಎರಡೂ ಋಣ ತುದಿಗೆ. ಗೇಟ್ ಕಾಲಿಗೆ ಹತ್ತು ಸೆಂಟಿಮೀಟರ್ ತಂತಿ ಬೆಸೆದು ಗಾಳಿಯಲ್ಲಿ ಬಿಟ್ಟೆ. ಅದು ಬೋರ್ಡನ್ನು ತಾಗಬಾರದು. ಬೋರ್ಡಿನ ಮೈಯೂ ಈ ಲೆಕ್ಕದಲ್ಲಿ ಸೋರುವ ಮೈಯೇ. ಒಂದು ಬೆರಳನ್ನು ಬ್ಯಾಟರಿಯ ಋಣ ತುದಿಗೆ ಮುಟ್ಟಿಸಿಕೊಂಡಿರಬೇಕು, ಇಲ್ಲದಿದ್ದರೆ ಸರ್ಕ್ಯೂಟಿಗೆ ನೆಲೆಯಿರುವುದಿಲ್ಲ.

ಎಲ್‌ಇಡಿ ಉರಿಯುತ್ತಲೇ ಇರುತ್ತದೆ. ಉಜ್ಜಿದ ಪೈಪು ಒಂದು ಮೀಟರ್ ದೂರದಲ್ಲಿ ಸುಳಿದರೂ ಆರುತ್ತದೆ, ಪೈಪು ಸರಿದರೆ ಹತ್ತುತ್ತದೆ. ಗೇಟ್ ಋಣವಾದರೆ ಒಳಗಿನ ಹಾದಿ ಮುಚ್ಚಿಕೊಳ್ಳುತ್ತದೆ. ಇಷ್ಟು ನಿರೀಕ್ಷಿಸಿದ್ದೆ. ಉಜ್ಜಿದ ಕಂಬಳಿಯನ್ನು ತಂದಾಗ ಮಾತ್ರ ತಲೆ ಕೆರೆದುಕೊಳ್ಳುವಂತಾಯಿತು. ತಂದಾಗ ಏನೂ ಆಗಲಿಲ್ಲ, ದೂರ ಒಯ್ದಾಗ ಎಲ್‌ಇಡಿ ಆರಿತು, ಆರಿಯೇ ಉಳಿಯಿತು. ಕೆಟ್ಟುಹೋಯಿತೇನೋ ಎಂದು ಗೇಟನ್ನು ಬೆರಳಿನಿಂದ ಮುಟ್ಟಿದರೆ ಮತ್ತೆ ಉರಿಯಿತು.

ರಾತ್ರಿ ಮಲಗಿದಾಗ ಹೊಳೆಯಿತು. ಕಂಬಳಿ ಧನ. ಅದು ಹತ್ತಿರ ಬಂದಾಗ ಗೇಟೂ ಧನದ ಕಡೆಗೆ ಏರುತ್ತದೆ, ಆಗ ಗೇಟಿಗೂ ಸೋರ್ಸಿಗೂ ನಡುವಿನ ಡಯೋಡ್ ಎಂಬ ಒಮ್ಮುಖ ಬಾಗಿಲು ತೆರೆದುಕೊಂಡು ಎಲೆಕ್ಟ್ರಾನ್‌ಗಳು ಗೇಟಿನೊಳಗೆ ನುಗ್ಗಿ ಸರಿದೂಗಿಸುತ್ತವೆ. ಕಂಬಳಿ ಹೊರಟುಹೋದಾಗ ಆ ಎಲೆಕ್ಟ್ರಾನ್‌ಗಳು ಒಳಗೇ ಸಿಕ್ಕಿಬೀಳುತ್ತವೆ, ಗೇಟ್ ಋಣವಾಗುತ್ತದೆ. ನೆಂಟರು ಹೋದ ಮೇಲೆ ಅವರಿಗಾಗಿ ತರಿಸಿದ ಹಾಲು ಉಳಿದಂತೆ. ಹಾಗಾಗಿ ಬರುವಾಗ ಆರಿದರೆ ಋಣ, ಹೋಗುವಾಗ ಆರಿದರೆ ಧನ. ಕೆಟ್ಟಿದೆ ಎಂದುಕೊಂಡದ್ದೇ ನನಗೆ ಬೇಕಾಗಿದ್ದ ಉತ್ತರವಾಗಿತ್ತು.

ಅಕ್ಟೋಬರ್ 12

ಪ್ರತಿ ಸಲ ಪೈಪು ಉಜ್ಜಿ ತೋಳು ನೋಯುತ್ತದೆ. ಒಮ್ಮೆ ಉಜ್ಜಿ ನೂರು ಸಲ ಆವೇಶ ತೆಗೆಯುವ ಸಾಧನವನ್ನು 1762ರಲ್ಲಿ ಸ್ವೀಡನ್ನಿನ ಯೋಹಾನ್ ವಿಲ್ಕೆ ಮಾಡಿದ್ದ, 1775ರಲ್ಲಿ ಇಟಲಿಯ ವೋಲ್ಟಾ ಅದನ್ನು ತಿದ್ದಿ ಎಲೆಕ್ಟ್ರೊಫೊರಸ್ ಎಂದು ಹೆಸರಿಟ್ಟು ಪ್ರಸಿದ್ಧಿಗೆ ತಂದ. ಅವರ ಕಾಲದಲ್ಲಿ ಉಜ್ಜಲು ಕೆಳಗಿಡುತ್ತಿದ್ದದ್ದು ರಾಳ, ಅರಗಿನ ಬಿಲ್ಲೆ. ನಾನು ಕೆಳಗಿಟ್ಟದ್ದು ಗೀರುಬಿದ್ದ ಹಳೆಯ ಎಲ್‌ಪಿ ರೆಕಾರ್ಡ್ ಒಂದು. ಅದೂ ಪಿವಿಸಿಯ ಬಳಗವೇ. ಅದಕ್ಕಿಂತ ಹಳೆಯ 78 ಸುತ್ತಿನ ತಟ್ಟೆಗಳಲ್ಲಿ ಅರಗೇ ಇರುತ್ತಿತ್ತು, ಆದರೆ ಅಂಥದ್ದು ನಮ್ಮ ಮನೆಯಲ್ಲಿ ಉಳಿದಿಲ್ಲ.

ಮೇಲಿನ ತಟ್ಟೆ 20 ಸೆಂಟಿಮೀಟರ್ ಅಗಲದ ಅಲ್ಯೂಮಿನಿಯಂ ಮುಚ್ಚಳ, ಅಂಚು ದುಂಡಾಗಿರುವುದು ನೋಡಿ ಆರಿಸಿದ್ದು. ಹಿಡಿಗೆ ಹಳೆಯ ಲಟ್ಟಣಿಗೆಯ ತುಂಡು ಸಿಕ್ಕಿಸಿದೆ. ಒಂದು ಕಿಡಿಯೂ ಬರಲಿಲ್ಲ. ಮರ! ಜುಲೈಯಲ್ಲಿ ನಾನೇ ಬರೆದಿಟ್ಟ ಪಾಠವನ್ನು ನಾನೇ ಮರೆತಿದ್ದೆ. ಲಟ್ಟಣಿಗೆ ತೆಗೆದು ಪಿವಿಸಿ ಪೈಪಿನ ತುಂಡು ಹಾಕಿದೆ. ಆಗಲೂ ಕಿಡಿ ಬರಲಿಲ್ಲ.

ಈ ಎರಡನೆಯ ಸೋಲು ವಿಧಾನದ್ದು. ರೆಕಾರ್ಡನ್ನು ಉಜ್ಜಿ, ತಟ್ಟೆಯನ್ನು ಅದರ ಮೇಲಿಟ್ಟು, ನೇರ ಎತ್ತಿಬಿಟ್ಟಿದ್ದೆ. ರೆಕಾರ್ಡಿನ ಋಣ ಆವೇಶ ತಟ್ಟೆಗೆ ದಾಟುತ್ತದೆ ಎಂಬುದು ನನ್ನ ಎಣಿಕೆ. ದಾಟುವುದಿಲ್ಲ. ಎರಡೂ ಮೇಲ್ಮೈ ನಿಜವಾಗಿ ತಾಗುವುದು ಕೆಲವೇ ಬಿಂದುಗಳಲ್ಲಿ, ಪಿವಿಸಿಯ ಮೇಲಿನ ಆವೇಶವೋ ಕುಳಿತಲ್ಲಿಂದ ಕದಲದು. ತಟ್ಟೆ ಮೇಲಿರುವಾಗಲೇ ಅದನ್ನು ಬೆರಳಿನಿಂದ ಮುಟ್ಟಬೇಕು. ಕೆಳಗಿನ ಋಣ ಆವೇಶ ತಟ್ಟೆಯ ಎಲೆಕ್ಟ್ರಾನ್‌ಗಳನ್ನು ಮೇಲಕ್ಕೆ ಅಟ್ಟಿರುತ್ತದೆ, ಬೆರಳು ಅವುಗಳಿಗೆ ಬಾಗಿಲು ತೆರೆಯುತ್ತದೆ, ಚಿಟ್ ಎಂದು ಸಣ್ಣ ಕಿಡಿಯೊಂದಿಗೆ ಅವು ಹೊರಬೀಳುತ್ತವೆ. ಬೆರಳು ತೆಗೆದು, ಹಿಡಿ ಹಿಡಿದು ಎತ್ತಿದರೆ ತಟ್ಟೆ ಧನ. ರೆಕಾರ್ಡಿನ ಆವೇಶ ಇದ್ದಲ್ಲೇ ಇದೆ, ಮತ್ತೆ ಮಾಡಬಹುದು, ಮತ್ತೆ ಮತ್ತೆ ಮಾಡಬಹುದು. ಪುಕ್ಕಟೆ ಶಕ್ತಿಯಲ್ಲ ಇದು. ಸೆಳೆಯುತ್ತಿರುವ ರೆಕಾರ್ಡಿನಿಂದ ತಟ್ಟೆಯನ್ನು ಬಿಡಿಸಿ ಎತ್ತುವ ಕೈಯೇ ಬೆಲೆ ತೆರುತ್ತದೆ.

ಧನವೇ ಎಂದು ಖಚಿತಪಡಿಸಿಕೊಳ್ಳಲು ಹಳೆಯ ಟೆಸ್ಟರಿನ ನಿಯಾನ್ ಬಲ್ಬನ್ನು ಬಿಚ್ಚಿ, ಒಂದು ಕಾಲು ಹಿಡಿದು ಇನ್ನೊಂದನ್ನು ತಟ್ಟೆಗೆ ತಾಗಿಸಿದೆ. ಕತ್ತಲಲ್ಲಿ ಕಿತ್ತಳೆ ಮಿಂಚು. ನಿಯಾನಿನಲ್ಲಿ ಹೊಳೆಯುವುದು ಋಣ ತುದಿ. ಹೊಳೆದದ್ದು ನನ್ನ ಬೆರಳಿನ ಕಡೆಯದು. ಜೆಫೆಟ್ ಕೂಡ ಅದನ್ನೇ ಹೇಳಿತು.

ನವೆಂಬರ್ 9

ಆವೇಶ ಕೂಡಿಡಲು ಲೇಡನ್ ಜಾಡಿ. ಅರ್ಧ ಲೀಟರಿನ ಪಾಲಿಪ್ರೊಪಿಲೀನ್ ಡಬ್ಬಿ, ಒಳಗೂ ಹೊರಗೂ 12 ಸೆಂಟಿಮೀಟರ್ ಎತ್ತರಕ್ಕೆ ಅಲ್ಯೂಮಿನಿಯಂ ಹಾಳೆ, ಮೇಲೆ ನಾಲ್ಕು ಸೆಂಟಿಮೀಟರ್ ಬರಿಮೈ. ಮುಚ್ಚಳದ ಮೂಲಕ ತಂತಿ, ತುದಿಗೆ ಹಿತ್ತಾಳೆಯ ಗುಂಡಿ. ಮೊದಲು ಒಳಗೆ ಹಾಳೆಯ ಬದಲು ಉಪ್ಪುನೀರು ತುಂಬಿದ್ದೆ, ಪುರಾತನರು ಮಾಡಿದ್ದು ಹಾಗೆಯೇ ಎಂದು. ನೀರು ಕುಲುಕಿ ಬರಿಮೈ ಒದ್ದೆಯಾಗಿ ಎಲ್ಲ ಸೋರಿತು. ನೀರು ಚೆಲ್ಲಿ ಹಾಳೆ ಅಂಟಿಸಿದೆ. ಮೀಟರಿನಲ್ಲಿ ಅಳೆದರೆ 0.65 ನ್ಯಾನೊಫ್ಯಾರಡ್, ಅಂದರೆ 650 ಪಿಕೊಫ್ಯಾರಡ್.

ಎಲೆಕ್ಟ್ರೊಫೊರಸ್ಸಿನ ತಟ್ಟೆ 7 ಪಿಕೊಫ್ಯಾರಡ್, ಜಾಡಿ ಅದರ ತೊಂಬತ್ತು ಪಟ್ಟಿಗೂ ಹೆಚ್ಚು. ತಟ್ಟೆ ಪ್ರತಿ ಸಲ 20,000 ವೋಲ್ಟ್ ತಂದರೂ ಜಾಡಿಯನ್ನು 9,000 ವೋಲ್ಟಿಗೆ ಏರಿಸಲು ಸುಮಾರು 60 ಸಲ ಎತ್ತಿ ಮುಟ್ಟಿಸಬೇಕು. ನವೆಂಬರಿನ ಸಾಗರದಲ್ಲಿ ಮೂವತ್ತನೆಯ ಎತ್ತಿಗೆ ಜಾಡಿ ತುಂಬುವ ವೇಗವೂ ಸೋರುವ ವೇಗವೂ ಸಮವಾಗಿಬಿಟ್ಟವು. ಒಂದು ಮಿಲಿಮೀಟರ್ ಕಿಡಿ ಬಂತು, ಅಷ್ಟೆ. ಮೇಣ, ಸ್ಪಿರಿಟ್, ಸಿಲಿಕಾ ಜೆಲ್ ಯಾವುದೂ ಹೊರಮೈಯನ್ನು ಹೆಚ್ಚು ಹೊತ್ತು ಒಣಗಿಸಿಡಲಿಲ್ಲ. ಎತ್ತಿ ಅಟ್ಟಕ್ಕಿಟ್ಟೆ.

ಫೆಬ್ರವರಿ 8, ಚಳ್ಳಕೆರೆ

ಮದುವೆಯೊಂದಕ್ಕೆ ಬಂದವರು ಸಾಮಾನೆಲ್ಲ ಕಟ್ಟಿಕೊಂಡೇ ಬಂದಿದ್ದೆವು. ಮಧ್ಯಾಹ್ನದ ತೇವಾಂಶ ಶೇ 24. ತುಟಿ ಒಡೆಯುವ ಗಾಳಿ. ರೆಕಾರ್ಡನ್ನು ಉಜ್ಜಿದಾಗ ಬಂದ ಚಟಪಟ ಸದ್ದೇ ಬೇರೆ. ತಟ್ಟೆ ಎತ್ತಿ ಬೆರಳು ತಂದರೆ ಒಂದು ಸೆಂಟಿಮೀಟರಿಗೂ ಮುಂಚೆಯೇ ಕಿಡಿ ಹಾರುತ್ತಿತ್ತು. ಬಾಟಲಿಯ ವರಖ್ ಮಧ್ಯಾಹ್ನ ಊಟಕ್ಕೆ ಮುನ್ನ ಬಿಚ್ಚಿದ್ದು ಊಟ, ಎಲೆಯಡಿಕೆ ಮುಗಿಸಿ ಬಂದರೂ ಮುಚ್ಚಿರಲಿಲ್ಲ.

ಜಾಡಿಗೆ 60 ಎತ್ತು, ಮಗಳೇ ಎಣಿಸಿದಳು. ಹೊರ ಹಾಳೆಗೆ ಕಟ್ಟಿದ ತಂತಿಯನ್ನು ಪ್ಲಾಸ್ಟಿಕ್ ಹಿಡಿಯಿಂದ ಗುಂಡಿಯ ಹತ್ತಿರ ತಂದಾಗ ಮೂರು ಮಿಲಿಮೀಟರಿನಲ್ಲಿ ನೀಲಿ ಬಿಳುಪಿನ ಕಿಡಿ, ಪಟಾಕಿಯ ಸಣ್ಣ ತಮ್ಮನಂಥ ಸದ್ದು. ಒಣ ಗಾಳಿ ಮಿಲಿಮೀಟರಿಗೆ ಸುಮಾರು 3,000 ವೋಲ್ಟಿನಲ್ಲಿ ಬಿರಿಯುತ್ತದೆ. ಲೆಕ್ಕ ಹೊಂದಿತು. ಕೂಡಿಟ್ಟ ಶಕ್ತಿ ಒಂದು ಜೂಲಿನ ನೂರರಲ್ಲಿ ಮೂರು ಪಾಲಿಗಿಂತ ಕಡಿಮೆ, ಬೆಚ್ಚಿಬೀಳಿಸಲು ಸಾಕು, ಅಪಾಯಕ್ಕೆ ಸಾಲದು. ಆದರೆ ಇಂಥ ನಾಲ್ಕಾರು ಜಾಡಿಗಳನ್ನು ಒಟ್ಟಿಗೆ ಕಟ್ಟುವ ಆಸೆ ಬೇಡ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೋಣೆಗೇ ಬರಬಾರದು. ಮಾವನವರನ್ನು ಅದಕ್ಕಾಗಿ ಜಗುಲಿಯಲ್ಲೇ ಕೂರಿಸಿದ್ದೆ.

ನನಗೆ ಹೊಡೆತ ಬಿದ್ದದ್ದು ಕಿಡಿ ಹಾರಿಸಿದ ಮೇಲೆ. ಖಾಲಿಯಾಯಿತು ಎಂದು ಜಾಡಿಯನ್ನು ಎತ್ತಿಕೊಂಡು, ಅಂಗೈ ಹೊರ ಹಾಳೆಗೆ, ಹೆಬ್ಬೆರಳು ಗುಂಡಿಗೆ ತಾಗಿತು. ಮೊಣಕೈವರೆಗೂ ಜುಮ್ಮೆಂದಿತು. ಪ್ಲಾಸ್ಟಿಕ್ಕಿನ ಒಳಗೆ ಇಂಗಿದ್ದ ಒಂದಿಷ್ಟು ಆವೇಶ ನಿಧಾನವಾಗಿ ಹೊರಬಂದು ಮತ್ತೆ ಕೂಡಿಕೊಂಡಿರುತ್ತದೆ. ಇದನ್ನು ಓದಿದ್ದೆ, ನಂಬಿರಲಿಲ್ಲ. 1746ರಲ್ಲಿ, ಈ ಜಾಡಿಗೆ ಹೆಸರು ಕೊಟ್ಟ ಹಾಲೆಂಡಿನ ಲೇಡನ್ ಪಟ್ಟಣದ ವಿಜ್ಞಾನಿ ಮುಸ್ಶೆನ್‌ಬ್ರೂಕ್ ತನಗೆ ಬಿದ್ದ ಹೊಡೆತದ ಬಗ್ಗೆ ಬರೆಯುತ್ತ, ಇಡೀ ಫ್ರಾನ್ಸ್ ರಾಜ್ಯ ಕೊಟ್ಟರೂ ಇನ್ನೊಮ್ಮೆ ಒಲ್ಲೆ ಎಂದಿದ್ದ. ಅದೇ ವರ್ಷ ಫ್ರಾನ್ಸಿನಲ್ಲಿ ನೊಲೆ ಎಂಬಾತ 180 ಕಾವಲುಭಟರನ್ನು ಕೈಕೈ ಹಿಡಿಸಿ ನಿಲ್ಲಿಸಿ, ರಾಜನ ಎದುರು ಎಲ್ಲರನ್ನೂ ಒಟ್ಟಿಗೆ ಹಾರಿಸಿದ. ಮದುವೆಮನೆಯ ಹುಡುಗರು ಆರು ಜನ ಹಾಗೆಯೇ ನಿಲ್ಲುತ್ತೇವೆ ಎಂದರು. ಹತ್ತೇ ಎತ್ತಿನ ಜಾಡಿ ಕೊಟ್ಟೆ. ಹಾರಿದರು, ಇನ್ನೊಮ್ಮೆ ಎಂದು ಸಾಲು ನಿಂತರು.

ರಾತ್ರಿ ಅತ್ತೆ ಇದೆಲ್ಲ ನೋಡಿ, ‘ಇಷ್ಟಕ್ಕೆ ಇಷ್ಟು ಸಾಮಾನು ಯಾಕೆ ಬೇಕಿತ್ತು? ನಮ್ಮ ಕಾಲದಲ್ಲಿ ಚಳಿಗಾಲದ ರಾತ್ರಿ ಕಂಬಳಿ ಕೊಡವಿದರೆ ಬೆಂಕಿ ಕಾಣುತ್ತಿತ್ತು’ ಎಂದರು. ದೀಪ ಆರಿಸಿ, ಹೊದ್ದಿದ್ದ ಕಂಬಳಿಯನ್ನು ಮೈಮೇಲಿನಿಂದ ಸರ್ರನೆ ಎಳೆದರು. ಸೀರೆಗೂ ಕಂಬಳಿಗೂ ನಡುವೆ ನೀಲಿ ಚುಕ್ಕೆಗಳು ಮಿಣಮಿಣ ಓಡಿದವು. ಮಗಳು ಜೆಫೆಟ್ ಹಿಡಿದುಕೊಂಡು ಓಡಿ ಬಂದಳು. ಕಂಬಳಿ ಹತ್ತಿರ ಬಂದಾಗ ಎಲ್‌ಇಡಿ ಉರಿಯುತ್ತಲೇ ಇತ್ತು. ಅತ್ತೆ ಅದನ್ನು ಮಡಚಿಕೊಂಡು ಒಳಗೆ ಹೋದ ಮೇಲೆ ಆರಿತು.

ಜಾಡಿಯ ಗುಂಡಿಗೂ ಹೊರ ಹಾಳೆಗೂ ತಂತಿ ಬಿಗಿದು ಚೀಲಕ್ಕೆ ಹಾಕಿದ್ದೇನೆ. ನಾಳೆ ಬಸ್ಸಿನಲ್ಲಿ ಅದು ಮಗಳ ತೊಡೆಯ ಮೇಲಿರುತ್ತದೆ.